ರಸ್ಟ್‌ನಲ್ಲಿ ಯಾವ ಸ್ಟ್ರಕ್ಟ್ ಕೊಟ್ಟರೂ ಜೇಸನ್ ಫೈಲಿಗೆ ಬರೆಯುವ ಒಂದೇ ಫಂಕ್ಷನ್ ಹೇಗೆ? ಓದುವಾಗ ಲೈಫ್‌ಟೈಮ್ ಎರರ್ ಯಾಕೆ?

ಬರೆಯುವುದು ಸುಲಭ. ಡೇಟಾ ರೂಪ ಬದಲಿಸುವ ಸರ್ಡಿ (serde) ಕ್ರೇಟ್, ಅಂದರೆ ಲೈಬ್ರರಿ, ಜೊತೆಗೆ ಜೇಸನ್ ಬರೆಯುವ ಸರ್ಡಿ-ಜೇಸನ್ (serde_json) ಸೇರಿಸಿ. ಸರ್ಡಿಯ ಡಿರೈವ್ (ಕೋಡನ್ನು ತಾನೇ ಬರೆದುಕೊಡುವ) ಫೀಚರ್ ಆನ್ ಮಾಡಿ, ಸ್ಟ್ರಕ್ಟ್ ತಲೆಯ ಮೇಲೆ ಸೀರಿಯಲೈಸ್ ಡಿರೈವ್ ಹಾಕಿ. ಫಂಕ್ಷನ್ 'ಟಿ' ಅನ್ನೋ ಟೈಪಿನ ರೆಫರೆನ್ಸ್ ತಗೊಳ್ಳಲಿ. ಷರತ್ತು ಒಂದೇ, 'ಟಿ'ಗೆ ಸೀರಿಯಲೈಸ್ ಟ್ರೇಟ್ (ಟೈಪಿಗೆ ಇರಬೇಕಾದ ಮೆಥಡ್‌ಗಳ ಕರಾರು) ಇರಬೇಕು. ನೀವು ಬಳಸಿದ ಒಂದೊಂದು ಟೈಪಿಗೂ ಕಂಪೈಲರ್ ಬೇರೆ ಬೇರೆ ಕೋಡ್ ಮಾಡಿಕೊಡುತ್ತದೆ. ಫೈಲನ್ನು ಬಫ್‌ರೈಟರ್‌ನಲ್ಲಿ (ಡೇಟಾ ಕೂಡಿಟ್ಟು ಒಟ್ಟಿಗೆ ಬರೆಯುವಂಥದ್ದು) ಸುತ್ತಿ ಕೊಡಿ, ಇಲ್ಲದಿದ್ದರೆ ಸುಮ್ನೆ ಚೂರುಚೂರಾಗಿ ಬರೆಯುತ್ತಾ ನಿಧಾನವಾಗುತ್ತದೆ.

ತಲೆನೋವು ಇರುವುದು ಓದುವುದರಲ್ಲಿ. ಪುಣೆಯ ಹಿಂಜವಡಿಯ ರೂಮಿನಲ್ಲಿ ಕೂತು, ಹುಬ್ಬಳ್ಳಿಗೆ ಹೋಗಿಬರುವ ಬಸ್ ಖರ್ಚು ಬರೆದಿಡುವ ಚಿಕ್ಕ ಪ್ರೋಗ್ರಾಂ ಮಾಡುವಾಗ ನಾನೂ ಇಲ್ಲೇ ಸಿಕ್ಕಿಬಿದ್ದಿದ್ದೆ. ಓದಲು ಬೇಕಾದ ಡೀಸೀರಿಯಲೈಸ್ ಟ್ರೇಟ್‌ಗೆ ಒಂದು ಲೈಫ್‌ಟೈಮ್ (ರೆಫರೆನ್ಸ್ ಎಷ್ಟು ಹೊತ್ತು ಬದುಕಿರುತ್ತದೆ ಅನ್ನೋ ಗುರುತು) ಅಂಟಿಕೊಂಡಿರುತ್ತದೆ. ಅಂದರೆ ಓದಿದ ಸ್ಟ್ರಕ್ಟ್, ಮೂಲ ಪಠ್ಯದಿಂದಲೇ ಅಕ್ಷರಗಳನ್ನು ಕಡ ತಗೊಂಡಿರಬಹುದು. ಆದರೆ ಆ ಪಠ್ಯ ಇರುವ ಸ್ಟ್ರಿಂಗ್ ನಿಮ್ಮ ಫಂಕ್ಷನ್ ಒಳಗೇ ಹುಟ್ಟಿ ಅಲ್ಲೇ ಸಾಯುತ್ತದೆ. ಕಡ ಕೊಟ್ಟವನೇ ಇಲ್ಲದಿದ್ದರೆ ಕಂಪೈಲರ್ ಒಪ್ಪುತ್ತದಾ? ಅದಕ್ಕೆ ಷರತ್ತನ್ನು ಡೀಸೀರಿಯಲೈಸ್‌ಓನ್ಡ್, ಅಂದರೆ ಏನನ್ನೂ ಕಡ ತಗೊಳ್ಳದ ಟೈಪ್, ಅಂತ ಬದಲಿಸಿ. ನನ್ನ 'ಊರು' ಫೀಲ್ಡ್ ಸ್ಟ್ರಿಂಗ್ ಸ್ಲೈಸ್ ರೆಫರೆನ್ಸ್ (&str, ಕಡ ತಗೊಂಡ ಪಠ್ಯ) ಆಗಿತ್ತು, ಅದನ್ನೂ ಸ್ಟ್ರಿಂಗ್ ಮಾಡಬೇಕಾಯಿತು.

ಬೇರೆ ಬೇರೆ ಟೈಪುಗಳನ್ನು ಒಂದೇ ವೆಕ್ಟರ್‌ಗೆ ತುಂಬಲು 'ಡಿನ್ ಸೀರಿಯಲೈಸ್' (dyn, ಅಂದರೆ ನಿಜವಾದ ಟೈಪ್ ಯಾವುದೆಂದು ಪ್ರೋಗ್ರಾಂ ಓಡುವಾಗ ತಿಳಿಯುವುದು) ಅಂತ ಬರೆಯಲು ಹೋಗಬೇಡಿ. ಆ ಟ್ರೇಟಿನ ಮೆಥಡ್ಡೇ ಜೆನೆರಿಕ್, ಹಾಗಾಗಿ ನಡೆಯುವುದಿಲ್ಲ. ಟೈಪುಗಳು ಮೊದಲೇ ಗೊತ್ತಿದ್ದರೆ ಅವನ್ನೆಲ್ಲ ಪಟ್ಟಿ ಮಾಡುವ ಈನಮ್ (enum) ಸಾಕು. ಗೊತ್ತಿಲ್ಲದಿದ್ದರೆ ಇರೇಸ್ಡ್-ಸರ್ಡಿ ಕ್ರೇಟ್ ನೋಡಿ.