ಬ್ಯಾಗ್ ಹರಿದದ್ದು ಗೊತ್ತಾಗ್ಲಿಕ್ಕೂ ಕಲ್ತಿರ್ಬೇಕ್ರಿ

"ನಮ್ಮ ಭಾಗ ಮೊದ್ಲು ಮುಂದ ಬರ್ಲಿ, ಮಂದಿ ಓದಿ ಶಾಣ್ಯಾ ಆದ್ರ ಕಾರ್ಖಾನಿ ಧೂಳು ತಾನೇ ಕಡಿಮಿ ಆಗ್ತದಲ್ರಿ ಸರ್?" (ಸೇಡಂ)

ಇದೇ ಪ್ರಶ್ನಿ ಎಷ್ಟು ಸಲ ಬಂತೋ ಏನೋ, ಸಿಟ್ಟು ಬರ್ತದ ಖರೇ, ಆದ್ರ ಕೇಳಿದವ್ರ ಮಾಳಗಿ ಮ್ಯಾಲ ದಿನಾ ಧೂಳು ಕೂಡ್ತದ ಅಂತ ಗೊತ್ತದ, ಅದಕ್ಕ ಪೂರಾ ಹೇಳ್ತೀನಿ. ಗ್ರಾಸ್‌ಮನ್, ಕ್ರೂಗರ್ ಅಂತ ಇಬ್ರು ಅರ್ಥಶಾಸ್ತ್ರಜ್ಞರು 1991ರಾಗ ದೇಶದೇಶದ ಲೆಕ್ಕ ತಗದು, ಆದಾಯ ಏರಿದಂಗ ಗಾಳಿಯಾಗಿನ ಹೊಗಿ, ಸಲ್ಫರ್ ಡೈಆಕ್ಸೈಡ್ ಮೊದ್ಲು ಏರಿ ಆಮ್ಯಾಲ ಇಳೀತಾವ ಅಂದ್ರು. ಇದು ತಾನಾಗೇ ಆಗೋದಲ್ಲ ಅಂತ 1995ರಾಗ ಅವರೇ ಬರದಾರ, ಆ ಮಾತು ಯಾರೂ ಹೇಳಂಗಿಲ್ಲ!

ಶುರುವಿಗೆ ಕಲ್ತ ಕೈ ಮಷೀನ್ ಜಾಸ್ತಿ ಓಡಸ್ತದ, ಕಲ್ಲಿದ್ದಲು ಜಾಸ್ತಿ ಸುಡ್ತದ, ಅಂದ್ರ ಮಾಲಿನ್ಯ ಏರಬಹುದು. ಇಳೀಬೇಕಂದ್ರ ಕಲ್ತದ್ದು ಫಿಲ್ಟರ್ ಮುಂದ ನಿಂತವ್ನ ತಲ್ಯಾಗ ಇರ್ಬೇಕು. ನಾ ಒಂದು ಪ್ಲಾಂಟ್‌ನಾಗ ಕಣ್ಣಾರೆ ನೋಡೀನಿ, ಧೂಳು ಸೋಸೋ ಬಟ್ಟಿ ಚೀಲದ ಬ್ಯಾಗ್ ಫಿಲ್ಟರ್‌ದ ಪ್ರೆಶರ್ ಮೀಟರ್ ಮುಳ್ಳು ದಿಢೀರ್ ಇಳಿದಿತ್ತು, ಗುತ್ತಿಗಿ ಹುಡುಗ "ಲೋಡ್ ಕಡಿಮಿ ಅದ ಸರ್, ಛಲೋ ಆಯ್ತು" ಅಂದ, ಮ್ಯಾಲ ನೋಡಿದ್ರ ಚಿಮಣಿ ಬೆಳ್ಳಗ ಧೂಳು ಉಗುಳ್ಳಕತ್ತಿತ್ತು, ಒಳಗ ಬ್ಯಾಗ್ ಹರಿದು ಗಾಳಿ ಸರಾಗ ಹೊಂಟಿತ್ತು, ಅದಕ್ಕ ಮುಳ್ಳು ಇಳಿದಿತ್ತು. ಹುಡುಗನ ತಪ್ಪಲ್ಲ ಅದು, ಮುಳ್ಳು ಇಳಿದ್ರ ಏನರ್ಥ ಅಂತ ಅವಗ ಯಾರೂ ಹೇಳಿದ್ದೇ ಇಲ್ಲ. ಇಎಸ್‌ಪಿ ಇದ್ದಲ್ಲಿನೂ ಅಷ್ಟೇ (ಕರೆಂಟಿನಿಂದ ಧೂಳು ಹಿಡಿಯೋ ಮಷೀನ್ ಅದು), ಕಲ್ಲಿದ್ದಲು ಸರಿಯಾಗಿ ಉರೀಲಿಲ್ಲಂದ್ರ ಕಾರ್ಬನ್ ಮೊನಾಕ್ಸೈಡ್ ಏರ್ತದ, ಸ್ಫೋಟ ಆಗಬಾರ್ದು ಅಂತ ಇಎಸ್‌ಪಿ ತಾನೇ ಬಂದ್ ಆಗ್ತದ, ಅಷ್ಟೊತ್ತೂ ಧೂಳೆಲ್ಲ ಊರಿಗೆ. ಮಷೀನ್ ಅದೇ, ಗಾಳಿ-ಕಲ್ಲಿದ್ದಲು ಹದ ಗೊತ್ತಿದ್ದ ಆಪರೇಟರ್ ಕೂತ್ರ ಅದು ಬಂದ್ ಆಗೋದೇ ಅಪರೂಪ.

2011ರ ಜನಗಣತಿಯಾಗ ಸಾಕ್ಷರತೆ ಬೀದರ್‌ದು ಶೇ 70, ಕಲಬುರಗಿದು ಶೇ 65, ಯಾದಗಿರಿದು ಶೇ 52ರ ಆಸುಪಾಸು ಇತ್ತು. ಆದ್ರ ಸಹಿ ಮಾಡ್ಲಿಕ್ಕೆ ಬರೋದು ಬ್ಯಾರೆ, ಮೀಟರ್ ಓದೋದು ಬ್ಯಾರೆ. ಮೀಟರ್ ಓದೋ ಹುಡುಗ್ರು ಹೈದ್ರಾಬಾದ್, ಪುಣೆ ಹಾದಿ ಹಿಡೀತಾರ, ಇಲ್ಲಿ ಪಗಾರ ಅಷ್ಟು ಕಡಿಮಿ ಅದ. ಇದು ನನಗ ಭಾಳ ನೋವಿನ ಮಾತು.

"ಬೆಲ್ಲ ತಿಂದ್ರ ಎದಿಯಾಗಿನ ಧೂಳು ಹೋಗ್ತದೇನ್ರಿ?" (ಶಹಾಬಾದ್)

ಇಲ್ಲ. ಬೆಲ್ಲ ಹೊಟ್ಟಿಗೆ ಹೋಗ್ತದ, ಧೂಳು ಪುಪ್ಪುಸದಾಗ ಕೂಡ್ತದ. ಎದಿ ತೊಳಿಯೋ ಪುಡಿ ಅಂತ ಸಂತಿಯಾಗ ಮಾರೋರಿಗೆ ಒಂದು ರೂಪಾಯಿನೂ ಕೊಡಬ್ಯಾಡ್ರಿ, ಮಾಸ್ಕ್ ತಗೋರಿ, ಕೆಮ್ಮು ನಿಲ್ಲಲಿಲ್ಲಂದ್ರ ಎಕ್ಸ್‌ರೇ ತಗಸ್ರಿ.

"ಕಾರ್ಖಾನಿ ಸುತ್ತ ಬೇವಿನ ಗಿಡ ಹಚ್ಚಿದ್ರ ಸಾಕಾ?" (ಹುಮನಾಬಾದ್)

ಹಚ್ರಿ, ಸಾಕಾಗಂಗಿಲ್ಲ.

"ಮಗ ಹತ್ತನೇತ್ತ ಪಾಸ್ ಆಗ್ಯಾನ, ಏನ್ ಕಲಿಸ್ಲಿ?" (ಗುರುಮಠಕಲ್)

ಐಟಿಐನಾಗ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಸಿಕ್ರ ಅದು, ಇಲ್ಲಂದ್ರ ಎಲೆಕ್ಟ್ರಿಷಿಯನ್. ಎರಡು ದಿನದಾಗ ಸೇಫ್ಟಿ ಸರ್ಟಿಫಿಕೇಟ್ ಕೊಡ್ತೀವಿ ಅನ್ನೋರ ಬಾಗಿಲಿಗೂ ಹೋಗಬ್ಯಾಡ್ರಿ.