ಐರ್ಲೆಂಡಿನಲ್ಲಿ ಎಲ್ಲಿ ರಸ್ತೆ ಮಾಡಿದರೂ ಹಳೇ ಕಾಲದ ವಸ್ತು ಸಿಗುವುದು ಹೇಗೆ? ಸಿಕ್ಕಿದ ಮೇಲೆ ರಸ್ತೆ ನಿಲ್ಲಿಸುತ್ತಾರಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ನಾನು ಪುರಾತತ್ವ ಓದಿದವನಲ್ಲ, ಸರ್ವೇ ಕೆಲಸದವನು. ಕೆಲವು ವರ್ಷ ಅಲ್ಲಿನ ರಸ್ತೆ ಕೆಲಸದಲ್ಲಿದ್ದೆ. ನಾವು ಗೂಟ ಹೊಡೆಯುವ ಮೊದಲೇ ಪುರಾತತ್ವದವರು ಹೊಲದಲ್ಲಿ ಇರುತ್ತಿದ್ದರು. ಅವರು ಮುಗಿಸಿ ಬಿಟ್ಟುಕೊಟ್ಟ ಮೇಲೇ ನಮಗೆ ಜಾಗ. ಮಳೆಯಲ್ಲಿ ನಿಂತು ಕಾದಿದ್ದೇನೆ, ಮನಸ್ಸಲ್ಲೇ ಬೈದುಕೊಂಡೂ ಇದ್ದೇನೆ.

ಅದೃಷ್ಟಕ್ಕೆ ಸಿಗುತ್ತದೆ ಅಂದುಕೊಳ್ಳಬೇಡಿ. ಅವರು ಬೇಕೆಂದೇ ಹುಡುಕುತ್ತಾರೆ. ರಸ್ತೆಯ ದಾರಿ ಗುರುತಿಸುವಾಗಲೇ ಹಳೇ ನಕ್ಷೆ, ವಿಮಾನದಿಂದ ತೆಗೆದ ಫೋಟೋ ಎಲ್ಲ ನೋಡುತ್ತಾರೆ. ಆಮೇಲೆ ಮಣ್ಣಿನ ಕಾಂತತ್ವ ಅಳೆಯುವ ಉಪಕರಣ ಹಿಡಿದು ಹೊಲವೆಲ್ಲ ನಡೆಯುತ್ತಾರೆ. ಆಮೇಲೆ ಅಗೆತ. ರಸ್ತೆ ಬರುವ ಜಾಗದ ನಡುವೆ ಉದ್ದಕ್ಕೆ ಒಂದು ಕಾಲುವೆ, ಅದರಿಂದ ಎರಡೂ ಕಡೆಗೆ ಮೀನಿನ ಮುಳ್ಳಿನ ಹಾಗೆ ಅಡ್ಡ ಕಾಲುವೆಗಳು. ಯಂತ್ರದ ಬಕೆಟ್ಟಿಗೆ ಹಲ್ಲು ಇರಬಾರದು. ಹಲ್ಲಿದ್ದರೆ ನೆಲ ಗೀರಿಹೋಗುತ್ತದೆ, ಏನೂ ಕಾಣುವುದಿಲ್ಲ. ಮೇಲ್ಮಣ್ಣನ್ನು ಕೆನೆ ತೆಗೆದ ಹಾಗೆ ಸವರಿ ತೆಗೆಯುತ್ತಾರೆ, ಪಕ್ಕದಲ್ಲೇ ಒಬ್ಬ ಪುರಾತತ್ವದವರು ಕಣ್ಣು ಕೀಳದೆ ನೋಡುತ್ತಿರುತ್ತಾರೆ.

ಅವರು ನೋಡುವುದು ಚಿನ್ನ ಬೆಳ್ಳಿ ಅಲ್ಲ, ಕಲೆ. ಹೌದು, ಮಣ್ಣಿನ ಮೇಲಿನ ಕಲೆ. ಮೂರು ಸಾವಿರ ವರ್ಷದ ಹಿಂದೆ ಯಾರೋ ಮನೆ ಕಟ್ಟಲು ಕಂಬ ನೆಟ್ಟಿದ್ದರೆ, ಕಂಬ ಕೊಳೆತು ಹೋಗಿ ಗುಂಡಿಯ ಜಾಗ ಕಪ್ಪಗೆ ಉಳಿದಿರುತ್ತದೆ. ಅಂಥ ಹತ್ತು ಹನ್ನೆರಡು ಕಲೆ ವೃತ್ತವಾಗಿ ಕಂಡರೆ ಅದೊಂದು ಮನೆ. ಮೊದಲ ಸಲ ತೋರಿಸಿದಾಗ ನನಗೆ ಬರೀ ಕೆಸರು ಕಂಡಿತ್ತು.

ಅತಿ ಜಾಸ್ತಿ ಸಿಗುವುದು ‘ಫುಲಾಖ್ತ್ ಫಿಯಾ’. ನೀರಿನ ಹತ್ತಿರ ಒಂದು ತೊಟ್ಟಿ, ಪಕ್ಕದಲ್ಲಿ ಸುಟ್ಟು ಒಡೆದ ಕಲ್ಲಿನ ಗುಡ್ಡೆ. ಬೆಂಕಿಯಲ್ಲಿ ಕಾಯಿಸಿದ ಕಲ್ಲನ್ನು ತೊಟ್ಟಿಗೆ ಹಾಕಿ ನೀರು ಕುದಿಸುತ್ತಿದ್ದರು. ಹೆಚ್ಚಿನವು ಕಂಚಿನ ಯುಗದವು. ಮಾಂಸ ಬೇಯಿಸಲಿಕ್ಕೋ, ಸ್ನಾನಕ್ಕೋ, ಬಟ್ಟೆಗೆ ಬಣ್ಣ ಹಾಕಲಿಕ್ಕೋ ಎಂದು ಇವತ್ತಿಗೂ ಜಗಳ. ಬಿಯರ್ ಮಾಡಲಿಕ್ಕೆ ಎಂದು ಗಾಲ್ವೇ ಕಡೆಯ ಇಬ್ಬರು ಪುರಾತತ್ವಜ್ಞರು 2007ರಲ್ಲಿ ತೊಟ್ಟಿಯಲ್ಲಿ ನಿಜವಾಗಿಯೂ ಬಿಯರ್ ಮಾಡಿ ತೋರಿಸಿದರು. ನನ್ನ ಓಟು ಅವರಿಗೇ.

ಆದರೆ ನಿಜವಾದ ಖಜಾನೆ ಜವುಗು ನೆಲ. ಅಲ್ಲಿ ಗಾಳಿ ಆಡುವುದಿಲ್ಲ, ಹಾಗಾಗಿ ಮರ ಕೊಳೆಯುವುದಿಲ್ಲ. ಲಾಂಗ್‌ಫರ್ಡ್ ಕೌಂಟಿಯ ಎಡರ್‌ಕ್ಲೂನ್‌ನಲ್ಲಿ 2006ರಲ್ಲಿ ಎನ್4 ರಸ್ತೆಗಾಗಿ ಅಗೆದಾಗ ಜವುಗಿನ ಮೇಲೆ ಹಾಕಿದ ಮರದ ದಾರಿಗಳು, ಅಟ್ಟಣೆಗಳು ಸಾಲುಸಾಲಾಗಿ ಸಿಕ್ಕವು, ನಲವತ್ತಕ್ಕೂ ಜಾಸ್ತಿ. ಒಂದರ ಮೇಲೆ ಒಂದು, ಸಾವಿರಾರು ವರ್ಷಗಳ ಕಾಲ ಜನ ಅದೇ ಜಾಗದಲ್ಲಿ ದಾರಿ ಹಾಕಿದ್ದಾರೆ. ಸುಮಾರು 3,000 ವರ್ಷ ಹಳೆಯ ಮರದ ಚಕ್ರದ ತುಂಡೂ ಅಲ್ಲಿತ್ತು. ಹೊಸ ರಸ್ತೆ ಮಾಡಲು ಹೋದವರಿಗೆ ಹಳೇ ರಸ್ತೆಗಳೇ ಅಡ್ಡ ಬಂದವು!

2021ರಲ್ಲಿ ರಾಸ್‌ಕಾಮನ್ ಕೌಂಟಿಯ ಗೋರ್ಟ್‌ನಾಕ್ರಾನಾದಲ್ಲಿ ಸಿಕ್ಕಿದ್ದು ಇನ್ನೂ ವಿಚಿತ್ರ. ಎನ್5 ರಸ್ತೆ ಕೆಲಸಕ್ಕೆ ಮೊದಲು ಜವುಗಿನಿಂದ ಒಂದು ಓಕ್ ಮರದ ವಿಗ್ರಹ ತೆಗೆದರು. ಎರಡೂವರೆ ಮೀಟರಿಗೂ ಉದ್ದ, 1,600 ವರ್ಷಕ್ಕೂ ಹಳೆಯದು. ಒಂದು ತುದಿಯಲ್ಲಿ ಮನುಷ್ಯನ ತಲೆ, ಮೈಮೇಲೆ ಅಡ್ಡಡ್ಡ ಕಚ್ಚುಗಳು. ಅಕ್ಕಪಕ್ಕ ಪ್ರಾಣಿಗಳ ಮೂಳೆ. ಐರ್ಲೆಂಡಿನ ಪಶ್ಚಿಮ ಪ್ರಾಂತ್ಯವಾದ ಕೊನಾಕ್ಟ್‌ನ ರಾಜರ ಹಳೇ ಪೀಠ ರಾಥ್‌ಕ್ರೋಹನ್ ಅಲ್ಲಿಂದ ದೂರವಿಲ್ಲ.

ಇಲ್ಲೊಂದು ತಮಾಷೆ ಇದೆ. ಗೊತ್ತಿರುವ ಕೋಟೆ, ಸಮಾಧಿ, ಚರ್ಚು ಎಲ್ಲವನ್ನೂ ಬಿಟ್ಟು ಸುತ್ತುಹಾಕಿಯೇ ರಸ್ತೆಯ ಗೆರೆ ಎಳೆಯುತ್ತಾರೆ. ಅಂದರೆ ಆ ಗೆರೆ ಹೋಗುವುದು ಏನೂ ಇಲ್ಲ ಅಂದುಕೊಂಡ ಹೊಲಗಳ ಮೇಲೆ. ದನ ಮೇಯುವ ಅಂಥ ಖಾಲಿ ಹೊಲವನ್ನು ಯಾವ ಪ್ರೊಫೆಸರೂ ತಾನಾಗಿ ಅಗೆಯಲು ಹೋಗುವುದಿಲ್ಲ, ಯಾರೂ ದುಡ್ಡೂ ಕೊಡುವುದಿಲ್ಲ. ರಸ್ತೆಯ ಬಜೆಟ್ಟಿನಲ್ಲಿ ಆ ಕೆಲಸ ಆಗುತ್ತದೆ.

ಈಗ ನಿಲ್ಲಿಸುವ ಮಾತು. ವಾಟರ್‌ಫರ್ಡ್ ಬೈಪಾಸಿನ ದಾರಿಯಲ್ಲಿ, ಶೂರ್ ನದಿಯ ದಡದ ವುಡ್ಸ್‌ಟೌನ್‌ನಲ್ಲಿ 2003ರಲ್ಲಿ 9ನೇ ಶತಮಾನದ ವೈಕಿಂಗ್ ನೆಲೆ, ಅಂದರೆ ಉತ್ತರ ಯೂರೋಪಿನಿಂದ ಹಡಗಿನಲ್ಲಿ ಬಂದವರ ನೆಲೆ ಸಿಕ್ಕಿತು. ಹಡಗಿನ ಮೊಳೆ, ಬೆಳ್ಳಿ, ತೂಕ ಮಾಡುವ ಸೀಸದ ಬಟ್ಟುಗಳು, ಆಯುಧಗಳ ಜೊತೆ ಹೂತ ಒಬ್ಬ ಯೋಧನ ಸಮಾಧಿ. ಅಲ್ಲಿ ರಸ್ತೆಯನ್ನೇ ಪಕ್ಕಕ್ಕೆ ಸರಿಸಿದರು. ಊರವರು ಖುಷಿಪಟ್ಟರು. ಆದರೆ ಇದು ಅಪರೂಪ.

ಲಿಸ್‌ಮುಲ್ಲಿನ್ ಕಥೆ ಬೇರೆ. ಮೀತ್ ಕೌಂಟಿಯಲ್ಲಿ, ಹಳೇ ರಾಜರ ಟಾರಾ ಬೆಟ್ಟದಿಂದ ಸುಮಾರು 2 ಕಿ.ಮೀ. ದೂರ. 2007ರಲ್ಲಿ ಎಂ3 ಹೆದ್ದಾರಿಗಾಗಿ ಅಗೆದಾಗ ಕಬ್ಬಿಣ ಯುಗದ ಒಂದು ವೃತ್ತ ಕಂಡಿತು, ಅಡ್ಡಳತೆ 80 ಮೀಟರ್. ಕಲ್ಲಿನ ಗೋಡೆಯಲ್ಲ, ಸಣ್ಣ ಸಣ್ಣ ಕಂಬಗಳ ಗುಂಡಿಗಳ ಸಾಲು. ಒಳಗೆ ಇನ್ನೊಂದು ಚಿಕ್ಕ ವೃತ್ತ. ಪೂಜೆ ಪುನಸ್ಕಾರದ ಜಾಗ ಇರಬೇಕು ಅಂತಾರೆ. ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು, ಕೆಲಸ ನಿಂತಿತು, ಪ್ರತಿಭಟನೆಗಳಾದವು. ಕೊನೆಗೆ ಸರ್ಕಾರ ಹೇಳಿದ್ದು: ಪೂರ್ತಿ ಅಗೆದು ದಾಖಲಿಸಿ, ಆಮೇಲೆ ರಸ್ತೆ ಹಾಕಿ. 2010ರ ಜೂನ್‌ನಲ್ಲಿ ಎಂ3 ಶುರುವಾಯಿತು.

ದಾಖಲೆಯ ಮೂಲಕ ಉಳಿಸುವುದು ಎಂದು ಅವರು ಇದನ್ನು ಕರೆಯುತ್ತಾರೆ. ಅಳೆದು, ಫೋಟೋ ತೆಗೆದು, ಒಂದೊಂದು ಗುಂಡಿಯ ಮಣ್ಣನ್ನೂ ಜರಡಿ ಹಿಡಿದು, ಸುಟ್ಟ ಕಾಳು ಇದ್ದಿಲುಗಳ ವಯಸ್ಸು ಪರೀಕ್ಷೆ ಮಾಡಿಸಿ, ರಿಪೋರ್ಟ್ ಬರೆಯುತ್ತಾರೆ. ಮೂಲ ಜಾಗ ಮಾತ್ರ ಉಳಿಯುವುದಿಲ್ಲ. ಗುಂಡಿಯೊಳಗಿನ ಮಣ್ಣು ತೆಗೆದ ಮೇಲೆ ಗುಂಡಿ ಎಲ್ಲಿರುತ್ತದೆ ಹೇಳಿ. ನನಗೆ ಈ ಹೆಸರು ಅಷ್ಟಾಗಿ ಹಿಡಿಸಿಲ್ಲ. ಆದರೂ, ಆ ರಸ್ತೆ ಬಾರದಿದ್ದರೆ ಅಲ್ಲೊಂದು ವೃತ್ತ ಇದೆಯೆಂದು ಯಾರಿಗೆ ಗೊತ್ತಾಗುತ್ತಿತ್ತು? ಈ ಎರಡು ಮಾತಿನ ನಡುವೆ ನಾನು ಇನ್ನೂ ಓಲಾಡುತ್ತಿದ್ದೇನೆ.

ನೋಡುವ ಆಸೆಯಿದ್ದರೆ, ವುಡ್ಸ್‌ಟೌನ್ ಯೋಧನ ಸಾಮಾನುಗಳು ವಾಟರ್‌ಫರ್ಡಿನ ರೆಜಿನಾಲ್ಡ್ಸ್ ಟವರ್‌ನಲ್ಲಿವೆ. ಅಲ್ಲಿನ ರಸ್ತೆ ಇಲಾಖೆ, ಅಂದರೆ ಟ್ರಾನ್ಸ್‌ಪೋರ್ಟ್ ಇನ್ಫ್ರಾಸ್ಟ್ರಕ್ಚರ್ ಐರ್ಲೆಂಡ್, ಉತ್ಖನನದ ರಿಪೋರ್ಟುಗಳನ್ನು ಆನ್‌ಲೈನಿನಲ್ಲಿ ಸುಮ್ನೆ ಓದಲು ಬಿಟ್ಟಿದೆ. ಎಡರ್‌ಕ್ಲೂನ್‌ನಿಂದ ಶುರು ಮಾಡಿ.