ಮೂರು ಹಗ್ಗ, ಒಂದು ಪಕ್ಕೆಲುಬು

ಪ್ರಶ್ನೆ: ಹಳೇ ಇಂಗ್ಲಿಷ್ ಕಥೆಯೊಂದರಲ್ಲಿ ಕುಡುಕನನ್ನು ‘ತ್ರೀ ಶೀಟ್ಸ್ ಇನ್ ದ ವಿಂಡ್’ ಎಂದಿದ್ದಾರೆ. ಮೂರು ಹಾಳೆಗೂ ಕುಡಿತಕ್ಕೂ ಏನು ಸಂಬಂಧ? ಹೆಂಡತಿಗೂ ಹೀಗೇ ಒಗಟಿನಂಥ ಹೆಸರುಗಳಿದ್ದವಂತೆ, ನಿಜವೇ?

ಉತ್ತರ: ಇದು ಹಾಳೆಯೂ ಅಲ್ಲ, ಬೆಡ್‌ಶೀಟೂ ಅಲ್ಲ. ಹಡಗಿನವರ ಮಾತಿನಲ್ಲಿ ‘ಶೀಟ್’ ಅಂದರೆ ಹಾಯಿಯ ಕೆಳಮೂಲೆಗೆ ಕಟ್ಟುವ ಹಗ್ಗ. ಅದು ಬಿಚ್ಚಿಕೊಂಡರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ಹಡಗು ಹೇಳಿದ ಮಾತು ಕೇಳುವುದಿಲ್ಲ. ಅಂಥ ಮೂರು ಹಗ್ಗ ಬಿಚ್ಚಿಕೊಂಡರೆ? ರಾತ್ರಿ ಬಾರ್ ಮುಚ್ಚಿದ ಮೇಲೆ ಹೊರಬಿದ್ದವನ ನಡಿಗೆ ನೆನೆಸಿಕೊಳ್ಳಿ, ಸಾಕು.

ಕುಡುಕರ ಬಗ್ಗೆ ಇಂಥ ಮಾತುಗಳನ್ನು ಗುಡ್ಡೆ ಹಾಕಿದವನು ಅಮೆರಿಕದ ಮುದ್ರಕ, ವಿಜ್ಞಾನಿ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್. 1737ರಲ್ಲಿ ತನ್ನ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯಲ್ಲಿ 200ಕ್ಕೂ ಹೆಚ್ಚು ಅಚ್ಚು ಹಾಕಿದ. ‘ಚುಕ್ಕಾಣಿ ಕಳ್ಕೊಂಡಿದ್ದಾನೆ.’ ‘ತಿಂಡಿಗೆ ಒಂದೂವರೆ ಕಪ್ಪೆ ತಿಂದಿದ್ದಾನೆ.’ ‘ಹಿಂಡುಗಟ್ಟಲೆ ಚಂದ್ರರನ್ನು ನೋಡಿದ್ದಾನೆ.’ ನನಗೆ ಇಷ್ಟವಾದದ್ದು ‘ಕಾಲಲ್ಲಿ ಇಂಡೆಂಚರ್ ಬರೀತಿದ್ದಾನೆ’. ಇಂಡೆಂಚರ್ ಅಂದರೆ ಕರಾರುಪತ್ರ. ಒಂದೇ ಹಾಳೆಯಲ್ಲಿ ಎರಡು ಸಲ ಬರೆದು, ನಡುವೆ ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾಗಿ ಕತ್ತರಿಸಿ, ಇಬ್ಬರಿಗೂ ಒಂದೊಂದು ತುಂಡು ಕೊಡುತ್ತಿದ್ದರು. ಜಗಳ ಬಂದರೆ ಹಲ್ಲಿಗೆ ಹಲ್ಲು ಕೂಡಿಸಿ ನೋಡುವುದು. ಕುಡಿದವನು ರಸ್ತೆಯ ಮೇಲೆ ಅದೇ ಗೆರೆ ಎಳೆಯುತ್ತಾನೆ, ಅಲ್ವಾ? ಅದೇ ಪಟ್ಟಿಯಲ್ಲಿ ‘ಆಯಿಲ್ಡ್’ ಕೂಡ ಇದೆ. ನಮ್ಮ ‘ಎಣ್ಣೆ ಹಾಕೋದು’ ಅಲ್ಲಿಂದ ಬಂದಿರಲಾರದು, ಆದರೂ ನೋಡಿ ನಗು ಬಂತು.

ಇನ್ನು ಹೆಂಡತಿ. 1785ರಲ್ಲಿ ಮೊದಲು ಬಂದು, ಆಮೇಲೆ ಹಿಗ್ಗುತ್ತಾ ಹೋದ ಫ್ರಾನ್ಸಿಸ್ ಗ್ರೋಸ್‌ನ ಬೀದಿಮಾತಿನ ನಿಘಂಟಿನಲ್ಲಿ ಅವಳು ‘ರಿಬ್’, ಅಂದರೆ ಪಕ್ಕೆಲುಬು. ಆದಮನ ಪಕ್ಕೆಲುಬಿನಿಂದ ಈವ್ ಹುಟ್ಟಿದ ಬೈಬಲ್ ಕಥೆಯೇ ಇದಕ್ಕೆ ಮೂಲ. ಇನ್ನೊಂದು ಹೆಸರು ‘ಲಾಫುಲ್ ಬ್ಲ್ಯಾಂಕೆಟ್’, ಕಾನೂನು ಒಪ್ಪಿದ ಕಂಬಳಿ! ಇಟ್ಟುಕೊಂಡವಳು ‘ಎಡಗೈ ಹೆಂಡತಿ’. ಜರ್ಮನಿಯಲ್ಲಿ ತನಗಿಂತ ಕೆಳಗಿನ ಅಂತಸ್ತಿನವಳನ್ನು ಮದುವೆಯಾಗುವಾಗ ಎಡಗೈ ಕೊಡುತ್ತಿದ್ದರು ಎಂದು ಗ್ರೋಸ್ ವಿವರಿಸುತ್ತಾನೆ. ಪೂರ್ವ ಲಂಡನ್ನಿನ ದುಡಿಯುವ ಜನರಾದ ಕಾಕ್ನಿಗಳ ‘ಟ್ರಬಲ್ ಅಂಡ್ ಸ್ಟ್ರೈಫ್’ (ತೊಂದರೆ ಮತ್ತು ಜಗಳ) ಸುಮ್ನೆ ಪ್ರಾಸದ ಆಟ, ‘ವೈಫ್’ಗೆ ‘ಸ್ಟ್ರೈಫ್’. ಆದರೂ ಅದರೊಳಗಿನ ಗೊಣಗಾಟ ಕೇಳಿಸದೇ ಇರುವುದಿಲ್ಲ.

ಒಂದು ಮಾತು ನೆನಪಿರಲಿ. ಇವನ್ನೆಲ್ಲ ಆರಿಸಿದ್ದು ಗಂಡಸರು, ಅದೂ ಗಂಡಸರೇ ಕೂತು ಹರಟುತ್ತಿದ್ದ ಜಾಗಗಳಲ್ಲಿ. ಮನೆಯಲ್ಲಿ ಕಾಯುತ್ತಿದ್ದ ಪಕ್ಕೆಲುಬು, ಅಂಕುಡೊಂಕಾಗಿ ಬಂದವನನ್ನು ಏನೆಂದು ಕರೆಯಿತೋ, ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.